ಬಸ್ಸಿನಲ್ಲಿ ಬದಲಾದ ಹಳದಿ ಚೀಲ

ತಿರುಪತಿಯಿಂದ ಹೊರಟ ಬಸ್ಸು ಬೆಳಿಗ್ಗೆ ಚೆನ್ನೈನ ಮಾಧವರಂ ನಿಲ್ದಾಣಕ್ಕೆ ಬಂದಾಗ ನಾನಿನ್ನೂ ಅರೆನಿದ್ದೆಯಲ್ಲಿದ್ದೆ. ಮರುದಿನ ಅಲ್ಲಿ ಕಚೇರಿಯ ತರಬೇತಿಯಿತ್ತು. ಮೇಲಿನ ಹಲಗೆಯಿಂದ ನನ್ನ ಹಳದಿ ಬಟ್ಟೆಚೀಲ ಎಳೆದುಕೊಂಡು ಇಳಿದು, ಆಟೋ ಹತ್ತಿ, ಟ್ರಿಪ್ಲಿಕೇನಿನ ಲಾಡ್ಜಿಗೆ ಬಂದೆ. ಕೆಳಗೆ ಉಡುಪಿ ಕಡೆಯವರ ಮೆಸ್, ಮೇಲೆ ಕೋಣೆಗಳು.

ಚೀಲವನ್ನು ಮಂಚದ ಮೇಲೆ ಇಟ್ಟಾಗ ಒಳಗೆ ಗಂಟೆಯ ಸದ್ದಾಯಿತು. ನನ್ನ ಚೀಲದಲ್ಲಿ ಇದ್ದದ್ದು ಎರಡು ಸೀರೆ, ಲಡ್ಡು, ಮೊಬೈಲಿನ ಚಾರ್ಜರ್. ತೆರೆದು ನೋಡಿದರೆ ರೇಷ್ಮೆಯ ಮಡಿಪಂಚೆ, ಪುಟ್ಟ ಗಂಟೆ, ತಾಮ್ರದ ಪಂಚಪಾತ್ರೆ, ಒಂದು ಮರದ ಸಂಪುಟ. ಸಂಪುಟದೊಳಗೆ ನುಣ್ಣನೆಯ ಕಪ್ಪು ಸಾಲಿಗ್ರಾಮ. ಮುಟ್ಟಲು ಹೋದ ಕೈಯನ್ನು ಹಿಂದಕ್ಕೆ ಎಳೆದುಕೊಂಡೆ.

ಮೈಸೂರಿನಲ್ಲಿದ್ದ ಅಮ್ಮನಿಗೆ ಫೋನ್ ಮಾಡಿದೆ.

"ಅಯ್ಯೋ! ಬಸ್ಸಲ್ಲಿ ಬಂದ ಮೈಲಿಗೇಲಿ ಮುಟ್ಟಬೇಡ್ವೇ. ಎಲ್ಲಿಟ್ಟಿದೀಯ?"

"ಮಂಚದ ಮೇಲೆ."

"ಮಂಚದ ಮೇಲಾ? ತೆಗಿ, ತೆಗಿ!"

"ನೆಲದ ಮೇಲಿಡ್ಲಾ?"

"ನೆಲದ ಮೇಲೆ ಯಾರಾದ್ರೂ ಇಡ್ತಾರಾ?"

"ಮುಟ್ಟಲೂಬಾರದು, ಇಡಲೂಬಾರದು ಅಂದ್ರೆ ಏನ್ಮಾಡ್ಲಮ್ಮಾ?"

ಅಮ್ಮ ದನಿ ತಗ್ಗಿಸಿ, "ಅದಕ್ಕೆ ದಿನಾ ಪೂಜೆ ಆಗ್ಬೇಕು ಕಣೇ. ಆ ಚೀಲದೋರು ಪೂಜೆ ಆಗದೆ ಬಾಯಿಗೆ ನೀರೂ ಹಾಕಿರಲ್ಲ. ಮೊದಲು ಹೋಗಿ ಕೊಟ್ಟು ಬಾ," ಎಂದಳು. ಯಾರಿಗೆ ಕೊಡುವುದು ಎಂದು ಕೇಳುವಷ್ಟರಲ್ಲಿ ಫೋನು ಸತ್ತಿತು. ಚಾರ್ಜರ್ ಆ ಇನ್ನೊಂದು ಚೀಲದಲ್ಲಿತ್ತು.

ತಲೆಗೆ ನೀರು ಸುರಿದುಕೊಂಡು, ಚೀಲವನ್ನು ಎದೆಗವಚಿಕೊಂಡು ಮತ್ತೆ ಮಾಧವರಂಗೆ ಹೋದೆ. ಆಟೋದಲ್ಲಿ ಕಾಲು ಎಲ್ಲಿಡುವುದು ಎಂಬುದೂ ನನಗೆ ಚಿಂತೆಯಾಗಿತ್ತು. ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಚೀಲ ಎತ್ತಿ ತೋರಿಸಿದೆ. ಒಳಗಿದ್ದವನು ನೋಡಿದವನೇ ಕೈ ಬೀಸಿದ.

"ಪೆರಿಯವರ್ ವಂದಾರು. ಅಳುದಾರು. ತಿರುವಲ್ಲಿಕ್ಕೇಣಿ ಪೋಯಿಟ್ಟಾರು."

ಹಿರಿಯರೊಬ್ಬರು ಬಂದಿದ್ದರು, ಅತ್ತರು, ಎಲ್ಲಿಗೋ ಹೋದರು. ಅಷ್ಟು ಅರ್ಥವಾಯಿತು. ತಿರುವಲ್ಲಿಕ್ಕೇಣಿ ಎಂದರೆ ತಿರುವಣ್ಣಾಮಲೈ ಥರ ಯಾವುದೋ ದೂರದ ಊರು ಅಂದುಕೊಂಡೆ. ಹಸಿದ ಮುದುಕರು ಬೇರೆ ಊರಿನ ಬಸ್ಸು ಹತ್ತಿಬಿಟ್ಟರಲ್ಲ! "ಯಾವ ಬಸ್ಸು? ಎಷ್ಟು ದೂರ?" ಎಂದು ಕನ್ನಡ, ಇಂಗ್ಲಿಷ್ ಬೆರೆಸಿ ಕೇಳಿದೆ. ಅವನು ನನ್ನ ಕೈಯಲ್ಲಿದ್ದ ಲಾಡ್ಜಿನ ಬೀಗದ ಕೈಯನ್ನು ನೋಡಿದ. ಅದರ ಬಿಲ್ಲೆಯ ಮೇಲೆ ಟ್ರಿಪ್ಲಿಕೇನ್ ಎಂದು ಬರೆದಿತ್ತು. ಅದನ್ನೇ ಬೆರಳಿಟ್ಟು ತೋರಿಸಿ, "ಇದುದಾನ್ ಅದು," ಎಂದ. ಒಂದೇ ಜಾಗಕ್ಕೆ ಎರಡು ಹೆಸರು. ನಾನು ಅವರನ್ನು ಹುಡುಕಿಕೊಂಡು ಇಲ್ಲಿಗೆ, ಅವರು ನನ್ನನ್ನು ಹುಡುಕಿಕೊಂಡು ಅಲ್ಲಿಗೆ.

ಲಾಡ್ಜಿಗೆ ಮರಳಿದಾಗ ಮೆಸ್ಸಿನ ಯಜಮಾನರು ಬಾಗಿಲಲ್ಲೇ ನಿಂತಿದ್ದರು. "ಎಲ್ಲಿಗೆ ಹೋಗಿದ್ರಿ ಮಾರಾಯ್ರೆ? ಅವರು ಆಗಿನಿಂದ ಕೂತಿದಾರೆ. ಒಂದು ಲೋಟ ಕಾಫಿ ಸಹ ಬೇಡ ಹೇಳ್ತಾರೆ."

ಮೂಲೆಯ ಬೆಂಚಿನಲ್ಲಿ ತೆಳ್ಳಗಿನ ಮುದುಕರು, ಹಣೆಯಲ್ಲಿ ನಾಮ, ಮಡಿಲಲ್ಲಿ ನನ್ನ ಚೀಲ. ಚೆನ್ನೈನದೇ ಪೆರಂಬೂರಿನವರು, ಮಾತು ತಮಿಳು ಬೆರೆತ ಕನ್ನಡ. ನಾನು ಬಸ್ಸಿನಲ್ಲಿ ಫೋನಿನಲ್ಲಿ ಲಾಡ್ಜಿನ ಹೆಸರು ಹೇಳಿದ್ದನ್ನು ಕೇಳಿಸಿಕೊಂಡಿದ್ದರಂತೆ.

"ತೊಡೆ ಮರಗಟ್ಟಿತ್ತು ಮಗು, ಸ್ವಲ್ಪ ನೇರಂ, ಒಂದು ಗಳಿಗೆ, ಚೀಲ ಮೇಲಿಟ್ಟೆ. ಆ ಹಾಳು ನಿದ್ದೆ ಬಂದುಬಿಡ್ತು," ಎಂದರು.

ನನ್ನ ಕೋಣೆಯಲ್ಲೇ ಸ್ನಾನ ಮಾಡಿ, ಮಡಿಪಂಚೆ ಉಟ್ಟು, ಪೂಜೆಗೆ ಕುಳಿತರು. ಯಜಮಾನರು ಹಾಲು, ತುಳಸಿ ತಂದುಕೊಟ್ಟರು. ನನಗೆ ತೀರ್ಥ ಕೊಟ್ಟ ಮೇಲೆ ಸಂಪುಟ ಮುಚ್ಚಿ, ಪಂಚಪಾತ್ರೆ ಒರೆಸುತ್ತ ಕುಳಿತರು. ಕೃತಜ್ಞತೆಯ ಮಾತೇನೋ ಬರುತ್ತದೆ ಎಂದು ನಾನು ಸಂಕೋಚದಿಂದ ಕಾಯುತ್ತಿದ್ದೆ.

"ನಿನಗೆ ಒಂದು ಹೇಳ್ತೀನಿ, ತಪ್ಪಾ ಎಡುತ್ತುಕೋಬೇಡ," ಎಂದರು. "ಅಪ್ಪ ಹೋದ ಮೇಲೆ ಇದು ನನ್ನ ಹತ್ರಾನೇ ಇದೆ. ಆಸ್ಪತ್ರೆಗೆ ಸೇರಿದಾಗಲೂ ಇತ್ತು. ಇವತ್ತು ಹೋಯ್ತು ಅಂತ ತಿಳಿದಾಗ ನಿಲ್ದಾಣದಲ್ಲಿ ಅತ್ತುಬಿಟ್ಟೆ. ಆಮೇಲೆ ಇಲ್ಲಿಗೆ ಬರೋ ಬಸ್ಸಲ್ಲಿ ಕಿಟಕಿ ಪಕ್ಕ ಕೂತೆನಾ, ಬೀಚ್ ಕಡೆಯಿಂದ ಕಾತ್ತು, ತಣ್ಣನೆ ಗಾಳಿ, ಬಂತು. ಮಡಿಲಲ್ಲಿ ದೇವರಿಲ್ಲ. ರೊಂಬ ಹಗುರವಾಗಿತ್ತಮ್ಮಾ." ನನ್ನ ಮುಖ ನೋಡಿದರು. "ಹಾಗೆ ಅನ್ನಿಸಬಹುದಾ?"

"ಗೊತ್ತಿಲ್ಲ ತಾತ," ಎಂದೆ.

"ನೀನು ಇದನ್ನ ಇಟ್ಟುಕೋತೀಯಾ?"

ತಮಾಷೆಯೋ ಏನೋ ಎಂದು ನಗಲು ಹೊರಟವಳು ಅವರ ಕಣ್ಣು ನೋಡಿ ನಿಲ್ಲಿಸಿದೆ. ಒಲ್ಲೆ ಎಂದರೆ ದೇವರನ್ನು ಒಲ್ಲೆ ಎಂದ ಹಾಗೆ. ಹೂಂ ಎಂದರೆ ಅವರು ನಾಳೆ ಬೆಳಿಗ್ಗೆ ಎದ್ದು ಏನು ಮಾಡುತ್ತಾರೆ? ನಾನಾದರೂ ಏನು ಮಾಡುತ್ತೇನೆ? ಅವರೇ ನನ್ನ ತಲೆ ಸವರಿ, "ಸರಿ, ವಿಡು. ಹಸಿವು, ಅದಕ್ಕೇ ಹೀಗೆಲ್ಲ ಮಾತು," ಎಂದು ಎದ್ದರು.

ಕೆಳಗೆ ಎಲೆಯ ಮುಂದೆ ಕುಳಿತು ಎರಡು ಸಲ ಸಾರು ಹಾಕಿಸಿಕೊಂಡು ಉಂಡರು. ಪೆರಂಬೂರಿನವರೆಗೆ ಜೊತೆಗೆ ಬರಲೇ ಎಂದದ್ದಕ್ಕೆ ಬೇಡವೆಂದು, ತಮ್ಮ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ಹೋದರು. ನಾನು ಕೋಣೆಗೆ ಬಂದು, ಅವರು ಪೂಜೆಗೆ ಕುಳಿತಿದ್ದ ಜಾಗವನ್ನು ತುಳಿಯದೆ ಬಳಸಿ ಹೋಗಿ ಮಲಗಿದೆ. ಸಂಜೆ ಎಚ್ಚರವಾದಾಗ ಯಾವ ಊರಿನಲ್ಲಿದ್ದೇನೆ ಎಂದು ತುಸು ಹೊತ್ತು ತಿಳಿಯಲೇ ಇಲ್ಲ.