ಯುದ್ಧದಿಂದ ಬಂದ ರೇಜರು, ವಾಡಿಯ ಗಡ್ಡ

ವಾಡಿ ಜಂಕ್ಷನ್ನಿನಲ್ಲಿ ಬೆಳಗಿನ ಮೊದಲ ಗಾಡಿ ಕೂಗುವ ಹೊತ್ತಿಗೆ ಕಾಶೀನಾಥ ಹಡಪದ ಅವರು ದಶರಥ ಕಾಕಾನ ಗಲ್ಲಕ್ಕೆ ನೊರೆ ಹಚ್ಚುತ್ತಿದ್ದಾರೆ. ಕಾಕಾ ನಿವೃತ್ತ ರೈಲ್ವೆ ಗ್ಯಾಂಗ್‌ಮನ್. ಲಕ್ವಾ ಹೊಡೆದು ಮಂಚ ಹಿಡಿದಿದ್ದಾರೆ. ಕಾಶೀನಾಥರ ಕೈಯಲ್ಲಿರುವುದು ಎಂಬತ್ತು ವರ್ಷ ದಾಟಿದ ಹಿತ್ತಾಳೆ ರೇಜರು. "ಕಾಕಾ, ಗದ್ದ ಎತ್ರಿ. ನಗಬ್ಯಾಡ್ರಿ ಮತ್ತ!"

ಐವತ್ತೆರಡರ ಕಾಶೀನಾಥರದು ಸ್ಟೇಷನ್ ರಸ್ತೆಯಲ್ಲಿ ಎರಡು ಕುರ್ಚಿಯ ಕ್ಷೌರದಂಗಡಿ. ಎಂಟಕ್ಕೆ ಅದನ್ನು ತೆರೆಯುವ ಮೊದಲು, ಹಾಸಿಗೆ ಹಿಡಿದ ಮೂರ್ನಾಲ್ಕು ಮಂದಿಯ ಗಡ್ಡ ಅವರವರ ಮನೆಯಲ್ಲೇ ಆಗಬೇಕು. "ನಡಗೋ ಮುಖಕ್ಕ ಕತ್ತಿ ಹಚ್ಚಾಕ ಎದಿ ಝಲ್ ಅಂತದ್ರಿ. ಈ ರೇಜರಿಗಿ ಬ್ಲೇಡಿನ ಮ್ಯಾಲ ಟೊಪಗಿ ಅದ, ಚರ್ಮ ಕಚ್ಚಂಗಿಲ್ಲ."

ಶಹಾಬಾದ, ಚಿತ್ತಾಪುರದ ಗುಜರಿ ಅಂಗಡಿಗಳಲ್ಲಿ ಹೆಕ್ಕಿ ಹೆಕ್ಕಿ ಎರಡನೇ ಮಹಾಯುದ್ಧದ ಕಾಲದ ಹದಿನೆಂಟು ರೇಜರು ಕೂಡಿಸಿದ್ದಾರೆ. ಲೋಹ ಸಿಗದ ದಿನಗಳಲ್ಲಿ ಮಾಡಿದ ಕರಿ ಪ್ಲಾಸ್ಟಿಕ್ ಹಿಡಿಯವೂ ಇವೆ. ಅವುಗಳಲ್ಲಿ ಹನ್ನೊಂದಕ್ಕೆ ಇಂದಿನ ಬ್ಲೇಡು ಸಲೀಸಾಗಿ ಕೂರುತ್ತದೆ. "ಬಂಗಾರ ಕೂಡಸ್ರಿ ಅಂದ್ರ ಜಂಗು ಹಿಡದ ಗುಜರಿ ಕೂಡಸ್ಯಾರ," ಎಂದು ಹೆಂಡತಿ ಚಂದಮ್ಮ ಕಾಲೆಳೆಯುತ್ತಾರೆ.

ಹತ್ತೊಂಬತ್ತನೆಯದು, ಈಗ ಕೈಯಲ್ಲಿರುವುದು, ಕಾಕಾ ಕೊಟ್ಟಿದ್ದು. ಬರ್ಮಾ ಯುದ್ಧಕ್ಕೆ ಹೋಗಿದ್ದ ಅವರ ಅಪ್ಪ ಅದರ ಹಿಡಿಯ ಮೇಲೆ ಮೊಳೆಯಿಂದ ತನ್ನ ಹೆಸರು ಗೀಚಿಕೊಂಡಿದ್ದರು. ಪೆಟ್ಟಿಗೆಯಲ್ಲಿ ಇಡಬಾರದು, ತನ್ನ ಗಡ್ಡ ಇದರಲ್ಲೇ ಆಗಬೇಕು ಎಂಬುದು ಕಾಕಾನ ಷರತ್ತು. ಕಾಶೀನಾಥರು ಖುಷಿಗೆ ಹಬ್ಬದ ತಂಬಿಗೆ ಬೆಳಗಿದಂತೆ ಹುಣಸೆಹಣ್ಣು, ಇಟ್ಟಂಗಿ ಪುಡಿ ಹಾಕಿ ತಿಕ್ಕಿದರು. ರೇಜರು ಫಳಫಳ ಹೊಳೆಯಿತು, ಹೆಸರು ಅಳಿಸಿಹೋಯಿತು.

"ಅನ್ನ ಇಳೀಲಿಲ್ರಿ. ಕಾಕಾ ರೇಜರ್ ವಾಪಸ್ ಕೇಳ್ತಾರ, ಮನಿಗೇ ಬರಬ್ಯಾಡ ಅಂತಾರ ಅಂತ ಅಂಜಿದ್ದೆ." ಎರಡು ವಾರ ಹಿಡಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೇ ಗಡ್ಡ ಮಾಡಿದರು. ಕೊನೆಗೆ ತಡೆಯಲಾಗದೆ ತಾವೇ ಹೇಳಿಬಿಟ್ಟರು.

ಕಾಕಾ ಹೆಬ್ಬೆರಳಿನಿಂದ ಹಿಡಿ ಸವರಿದರಂತೆ. ಆಮೇಲೆ ಹೇಳಿದರಂತೆ: "ನಮ್ಮಪ್ಪ ಇದನ್ಯಾಕ ತಂದಿದ್ದ ಗೊತ್ತೇನು, ತಮ್ಮಾ? ನಮ್ಮೂರಾಗ ಗಡ್ಡ ಮಾಡವ್ರು ನಮ್ಮ ಮಂದೀನ ಮುಟ್ತಿದ್ದಿಲ್ಲ. ಈಗ ನೀನೇ ಮನಿಗಿ ಬಂದು ಮಾಡ್ಲಿಕತ್ತಿ. ಹೆಸರು ಹೋದ್ರ ಹೋಗ್ಲಿ. ರೇಜರ್ ನಿನ್ನ ಹತ್ರನೇ ಇರ್ಲಿ."

ಇದನ್ನು ಹೇಳುವಾಗ ಕಾಶೀನಾಥರ ಕಣ್ಣು ತುಂಬಿತು. ಅಷ್ಟರಲ್ಲಿ ಅವರು ರೇಜರು ತೊಳೆದು, ಮೆತ್ತನೆ ಅರಿವೆಯಲ್ಲಿ ಒರೆಸಿಯಾಗಿತ್ತು. ಏನಾದರೂ ಆಸೆ ಉಳಿದಿದೆಯೇ ಎಂದು ನಾನು ಕೇಳಿದೆ.

"ವಾರಕ್ಕ ಎರಡು ಸಲ ಸಾಕಂತಾರ ಕಾಕಾ. ನನಗ ದಿನಾ ಮಾಡಬೇಕು ಅನಸ್ತದ್ರಿ. ನಮ್ಮ ಹಿರ್ಯಾರು ಮಾಡದೇ ಬಿಟ್ಟ ಗಡ್ಡ ಭಾಳ ಉಳದಾವ."