ತುವಾನ್ ದೊಡ್ಡಪ್ಪನ ಸವಾರಿ
ನಮ್ಮ ಗಲ್ಲಿಯ ತುದಿಯಲ್ಲಿ ಬೈಕ್ ಟ್ಯಾಕ್ಸಿ ಇಟ್ಟುಕೊಂಡು ನಿಲ್ಲುವ ತುವಾನ್ ದೊಡ್ಡಪ್ಪನ ಹಿಂದೆ ಕೂತರೆ ಬ್ಯಾಂಕಾಕಿನ ಅಷ್ಟೂ ಸಂಚಾರ ನಿಯಮಗಳನ್ನು ಒಂದೇ ಸವಾರಿಯಲ್ಲಿ ಮುರಿದು ಬರಬಹುದು. ಏಕಮುಖ ರಸ್ತೆಗೆ ಅವನು ಎದುರಿನಿಂದಲೇ ನುಗ್ಗುತ್ತಾನೆ. ಫುಟ್‌ಪಾತ್ ಹತ್ತಿದನೆಂದರೆ ನೂಡಲ್ಸ್ ಮಾರುವ ವಾನ್‌ಪೆನ್ ಅಕ್ಕ ಗಿರಾಕಿಯನ್ನು ಸ್ಟೂಲಿನ ಸಮೇತ ಪಕ್ಕಕ್ಕೆ ಎಳೆದುಕೊಳ್ಳುತ್ತಾಳೆ. "ಫುಟ್‌ಪಾತ್ ಯಾಕಯ್ಯಾ ಹತ್ತಿದೆ?" ಎಂದು ಪೊಲೀಸರು ಗದರಿದರೆ, "ರಸ್ತೆ ತುಂಬಾ ಗಾಡಿ ಸಾರ್, ಡಿಕ್ಕಿಗಿಕ್ಕಿ ಆದ್ರೆ ನಿಮಗೇ ತೊಂದ್ರೆ!" ಎನ್ನುತ್ತಾನೆ. ಕೆಂಪು ದೀಪ ದಾಟಿ ಸಿಕ್ಕಿಬಿದ್ದರೆ, "ಕಾಯ್ತಾನೇ ಇದ್ದೆ ಸಾರ್, ಬೈಕಿಗೆ ಸಹನೆ ಇಲ್ಲ" ಎಂದು ಪಾಪದ ಬೈಕಿಗೇ ಒಂದು ಗುದ್ದು ಕೊಡುತ್ತಾನೆ. ಹೋದ ವಾರ, ನಾನು ಹಿಂದೆ ಕೂತಿದ್ದಾಗಲೇ, ಹೊಸದಾಗಿ ಬಂದ ಪೊಲೀಸಮ್ಮ ಅವನನ್ನು ತಡೆದಳು. ಲೈಸೆನ್ಸಿನ ಮೇಲಿದ್ದ ಹಳೆಯ ದಂಡಗಳ ಲೆಕ್ಕ ನೋಡಿದವಳಿಗೆ ಕನಿಕರ ಬಂತು. "ಇನ್ನೆರಡು ಸಲ ದಂಡ ಬಿದ್ರೆ ನಿಮ್ಮ ಲೈಸೆನ್ಸೇ ಹೋಗುತ್ತೆ ದೊಡ್ಡಪ್ಪ. ಈ ಸಲ ಬಿಟ್ಟಿದ್ದೀನಿ, ಹೋಗಿ." ದೊಡ್ಡಪ್ಪ ಕದಲಲಿಲ್ಲ. "ದಂಡದ ಚೀಟಿ ಬರೀರಿ ತಾಯಿ," ಎಂದ. "ಯಾಕೆ? ತಲೆ ಕೆಟ್ಟಿದ್ಯಾ?" ಅವನು ಹೆಲ್ಮೆಟ್ ತೆಗೆದು ಕಂಕುಳಲ್ಲಿಟ್ಟುಕೊಂಡ. "ಈ ಊರಲ್ಲಿ ನನ್ನ ಹೆಸರಿಗೆ 'ಶ್ರೀಯುತ' ಅಂತ ಸೇರಿಸಿ ಬರೆಯೋರು ನೀವು ಪೊಲೀಸಿನೋರು ಮಾತ್ರ." ಪೊಲೀಸಮ್ಮ ಪೆನ್ನು ತೆಗೆದು ದುಂಡಗೆ ಬರೆದು, ಚೀಟಿಯನ್ನು ಎರಡೂ ಕೈಯಿಂದ ಕೊಟ್ಟಳು.