ರೂತ್ ಮನೆಯ ಕೊನೆಯ ಸಭೆ

ಕೆನಡಾದ ಚರಿತ್ರೆ ಹುಡುಕಲು ನೈರೋಬಿಗೆ ಹೊರಟಾಗ ಮೈಸೂರಿನ ಗೆಳತಿಯರು ನಕ್ಕಿದ್ದರು. ನಗಲಿ. ಎಪ್ಪತ್ತರ ದಶಕದಲ್ಲಿ ಕೆನಡಾದ ಒಂದು ಬಂದರು ಊರಿನಲ್ಲಿ ಮನೆಬಾಡಿಗೆ ಕೊಡುವುದಿಲ್ಲವೆಂದು ಮುಷ್ಕರ ಹೂಡಿದ ಎಡಪಂಥೀಯ ಸಮಿತಿಯ ನಡಾವಳಿ ಪುಸ್ತಕ ಇದ್ದದ್ದು ನೈರೋಬಿಯಲ್ಲೇ. ಸಮಿತಿಯ ಕಾರ್ಯದರ್ಶಿ ರೂತ್ ಮೂವತ್ತು ವರ್ಷದ ಹಿಂದೆ ಕೆಲಸಕ್ಕೆಂದು ಅಲ್ಲಿಗೆ ಬಂದು ಅಲ್ಲೇ ನೆಲೆಸಿದ್ದರು. ಆ ಪುಸ್ತಕ ಸಿಗದಿದ್ದರೆ ನನ್ನ ಪಿಎಚ್‌ಡಿ ಅಲ್ಲಿಗೆ ಮುಗಿದಂತೆ. ಕೊನೆಯ ಗಡುವಿಗೆ ಎರಡೇ ತಿಂಗಳಿತ್ತು.

ನೈರೋಬಿಯ ಕಿಲೆಲೆಶ್ವಾದಲ್ಲಿ ಅಕ್ಕನ ಮನೆಯಲ್ಲಿ ಇಳಿದುಕೊಂಡೆ. ಮರುದಿನ ಅಕ್ಕ ಕಟ್ಟಿಕೊಟ್ಟ ಚಿತ್ರಾನ್ನ ಹಿಡಿದು ಪೇಟೆ ನಡುವೆ ಮಟಾಟು ಎಂಬ ಬಾಡಿಗೆ ವ್ಯಾನು ಹತ್ತಿದೆ. ವ್ಯಾನಿನೊಳಗಿನ ಹಾಡಿನ ಅಬ್ಬರಕ್ಕೆ ಕೇಳಬೇಕೆಂದುಕೊಂಡ ಪ್ರಶ್ನೆಗಳೆಲ್ಲ ಮರೆತುಹೋದವು. ರೂತ್ ಮನೆಯಿದ್ದ ಸಿರಿವಂತರ ಬಡಾವಣೆ ಕರೆನ್‌ನಲ್ಲಿ ಇಳಿದು ಬಿಸಿಲಲ್ಲಿ ಮುಕ್ಕಾಲು ಗಂಟೆ ನಡೆದೆ. ಆ ಬಡಾವಣೆಯಲ್ಲಿ ಕಾರಿಲ್ಲದವರನ್ನು ನಾಯಿಗಳೂ ನಂಬುವುದಿಲ್ಲ.

ಎಂಬತ್ತರ ಹತ್ತಿರದ ರೂತ್ ಚಹಾ ಕೊಟ್ಟರು. ಪುಸ್ತಕವನ್ನು ಮೇಜಿನ ಮೇಲಿಟ್ಟರು, ಮುಟ್ಟಲು ಮಾತ್ರ ಬಿಡಲಿಲ್ಲ.

“ಇದು ನನ್ನದಲ್ಲ, ಸಮಿತಿಯದು. ಕೊಡಬೇಕಾದರೆ ಮತಕ್ಕೆ ಹಾಕಬೇಕು. ನಾಲ್ವರಲ್ಲಿ ಮೂವರು ಒಪ್ಪಬೇಕು.”

ಉಳಿದ ಮೂವರು ಸದಸ್ಯರೂ ಕೆನಡಾದಲ್ಲಿದ್ದರು. ನನಗೆ ಒಳಗೇ ಸಿಟ್ಟು ಬಂತು. ಆದರೆ ಮೊದಲು ನನಗೆ ಬರೆದಿದ್ದ ಪತ್ರದಲ್ಲಿ ರೂತ್ ಬಾ ಎಂದಿದ್ದರೇ ಹೊರತು ಕೊಡುತ್ತೇನೆ ಎಂದಿರಲಿಲ್ಲ. ಕೆನಡಾದಲ್ಲಿ ಬೆಳಗಾಗಲೆಂದು ಸಂಜೆಯವರೆಗೆ ಕಾದೆವು.

ರೂತ್ ಒಳಗೆ ಹೋಗಿ ಫೋನ್ ಮಾಡುವುದು, ಜಗಲಿಗೆ ಬಂದು ಫಲಿತಾಂಶ ಹೇಳುವುದು. ಇಬ್ಬರು ಒಪ್ಪಿದರು. ಮೂರನೆಯವರಾದ ಹೆರಾಲ್ಡ್, ನಮ್ಮೊಳಗಿನ ಜಗಳವನ್ನೆಲ್ಲ ಬೀದಿಗೆ ಹಾಕಬೇಡಿ ಎಂದರಂತೆ. ಉಳಿದದ್ದು ರೂತ್ ಮತ. ಅವರು ತಣ್ಣಗಾದ ಚಹಾವನ್ನು ನಿಧಾನವಾಗಿ ಕುಡಿದು ಮುಗಿಸಿದರು.

“ಜಗಳವಾಡಿದ್ದು ನಿಜ ತಾನೇ? ನನ್ನ ಒಪ್ಪಿಗೆ ಇದೆ.”

ಹೋದ ಜೀವ ಬಂದಂತಾಯಿತು. ಬೆಳಗಿನಿಂದ ಮರೆತಿದ್ದ ಚಿತ್ರಾನ್ನದ ಡಬ್ಬಿ ಬಿಚ್ಚಿ ಇಬ್ಬರೂ ತಿಂದೆವು.

ಆಮೇಲೆ ರೂತ್ ಪುಸ್ತಕ ತೆರೆದು ನನಗೆ ಪೆನ್ನು ಕೊಟ್ಟರು. ನೀನೇ ಬರೆ ಎಂದರು. ಅವರು ಹೇಳಿದಂತೆ ಠರಾವನ್ನೂ ಹೆರಾಲ್ಡ್ ವಿರೋಧವನ್ನೂ ಬರೆದೆ. ಮುಗಿಯಿತೆಂದುಕೊಂಡರೆ, ಇನ್ನೊಂದಿದೆ ಎಂದರು.

“ಎರಡನೆಯ ಠರಾವು. ಸಮಿತಿಯನ್ನು ಇಂದು ವಿಸರ್ಜಿಸಲಾಗಿದೆ. ಸರ್ವಾನುಮತದಿಂದ.”

ಅದನ್ನೂ ಫೋನಿನಲ್ಲೇ ಕೇಳಿ ಮುಗಿಸಿದ್ದರು. ನಾನು ತಲೆ ಎತ್ತಲಿಲ್ಲ, ಬರೆದೆ.

ಕರೆದೊಯ್ಯಲು ಬಂದ ಭಾವ, “ಕೊಟ್ರಾ? ಸದ್ಯ, ಇನ್ನು ಟೆನ್ಷನ್ ಬಿಡಮ್ಮ,” ಎಂದು ಕಾರು ತಿರುಗಿಸಿದರು. ಪುಸ್ತಕ ನನ್ನ ಮಡಿಲಲ್ಲಿತ್ತು. ಹಿಂತಿರುಗಿ ನೋಡಿದೆ. ಮೂವತ್ತು ವರ್ಷ ಅದನ್ನು ಗೆದ್ದಲಿನಿಂದ ಕಾಯ್ದ ರೂತ್ ಗೇಟಿನ ಬಳಿ ನಿಂತು, ಎರಡೂ ಕೈ ಎತ್ತಿ ಬೀಸುತ್ತಿದ್ದರು.